ಸೊಂಟದ ಕೀಲಿಗೊಂದು ಸಜ್ಜಾ

ವಿಜ್ಞಾನ ವಿಭಾಗದವರು ಈ ಲೇಖನ ನೋಡಿ ‘ಕಾಮರ್ಸ್‌ನವಳಿಗೆ ಮೂಳೆಯ ಉಸಾಬರಿ ಯಾಕೆ?’ ಎಂದು ಕೇಳಬಹುದು. ಕೇಳಲಿ. ಕಳೆದ ಜೂನ್‌ನಲ್ಲಿ ದ್ವಿತೀಯ ಪಿಯುಸಿ ಶುರುವಾದ ಮೊದಲ ಹನ್ನೆರಡು ದಿನ ನಾನು ತರಗತಿಯಲ್ಲಿ ಇರಲಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಆಪಾಳ ಮಂಚದ ಪಕ್ಕ ಇದ್ದೆ. ಬಂದ ಮೇಲೆ ಎಲ್ಲರೂ ‘ಏನಾಗಿತ್ತು?’ ಎಂದು ಕೇಳಿದರು. ‘ಸೊಂಟದ ಆಪರೇಷನ್’ ಎಂದೆ. ‘ಬಿದ್ದಿದ್ದಳಾ?’ ಎಂದರು. ಬಿದ್ದಿರಲಿಲ್ಲ. ಅದನ್ನು ಕಾರಿಡಾರ್‌ನಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಲು ನನಗೆ ಬರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಜೀವಶಾಸ್ತ್ರದ ಮೇಡಂ ಒಮ್ಮೆ ಓದಿ ತಿದ್ದಿಕೊಟ್ಟಿದ್ದಾರೆ.

ಆಪಾಳಿಗೆ ನೋವು ಶುರುವಾದಾಗ 19 ವರ್ಷ, ಬಿ.ಎ. ಎರಡನೇ ವರ್ಷ. ನಮ್ಮ ಮನೆಯಲ್ಲಿ ಮಾತು ಉರ್ದು. ಅವಳು ‘ಕಮರ್ ದುಖ್ತಾ’ ಎನ್ನುತ್ತಿದ್ದಳು. ಡಾಕ್ಟರ್ ಹತ್ತಿರ ಹೋದಾಗ ಅಮ್ಮಿ ಅದನ್ನೇ ಕನ್ನಡದಲ್ಲಿ ‘ಸೊಂಟ ನೋವು ಸರ್’ ಎಂದರು. ತೊಂದರೆ ಅಲ್ಲೇ ಆಯಿತು ಎಂದು ಈಗ ನನಗೆ ಅನ್ನಿಸುತ್ತದೆ. ಬೆನ್ನಿನ ಕೆಳಭಾಗಕ್ಕೂ ನಾವು ಸೊಂಟ ಎನ್ನುತ್ತೇವೆ, ತೊಡೆಮೂಳೆ ಸೇರುವ ಕೀಲಿಗೂ ಸೊಂಟ ಎನ್ನುತ್ತೇವೆ. ಉರ್ದುವಿನಲ್ಲಿ ಆ ಕೀಲಿಗೆ ‘ಕೂಲ್ಹಾ’ ಎಂಬ ಬೇರೆ ಪದವೇ ಇದೆ, ಆದರೆ ಗಂಡಸು ಡಾಕ್ಟರ ಮುಂದೆ ಆ ಪದ ಹೇಳುವುದಕ್ಕೆ ನಮ್ಮಲ್ಲಿ ನಾಚಿಕೆ. ನೋವು ನಿಜವಾಗಿ ಇದ್ದದ್ದು ಎಡ ತೊಡೆಸಂದಿನಲ್ಲಿ. ಅಲ್ಲಿ ಕೈಯಿಟ್ಟು ತೋರಿಸಲು ಅವಳಿಗೆ ಇನ್ನೂ ನಾಚಿಕೆ. ಹಾಗಾಗಿ ಎಕ್ಸ್‌ರೇ ತೆಗೆದದ್ದು ಬೆನ್ನುಮೂಳೆಗೆ. ಬೆನ್ನುಮೂಳೆ ಚೆನ್ನಾಗಿತ್ತು. ಬೆಲ್ಟ್ ಕೊಟ್ಟರು, ಮುಲಾಮು ಕೊಟ್ಟರು, ತೂಕ ಇಳಿಸು ಎಂದರು. ಅವಳ ತೂಕ ಇದ್ದದ್ದು 50 ಕಿಲೋ.

ಹೀಗೆ ಎರಡೂವರೆ ವರ್ಷ ಹೋಯಿತು. ಬೆಳಿಗ್ಗೆ ಸರಿಯಾಗಿ ನಡೆಯುವವಳು ಸಂಜೆಯ ಹೊತ್ತಿಗೆ ಕುಂಟುತ್ತಿದ್ದಳು. ನೆಲದ ಮೇಲೆ ಕೂತು ಏಳುವಾಗ ಗೋಡೆ ಹಿಡಿಯುತ್ತಿದ್ದಳು. 21ನೇ ವಯಸ್ಸಿಗೆ ಕುರ್ಚಿಯ ಮೇಲೆ ನಮಾಜ್ ಮಾಡಲು ಶುರು ಮಾಡಿದಾಗ ನಮ್ಮ ನಾನಿ ಅತ್ತುಬಿಟ್ಟರು, ಏಕೆಂದರೆ ಮನೆಯಲ್ಲಿ ಅದುವರೆಗೆ ಕುರ್ಚಿ ಬೇಕಿದ್ದದ್ದು ಅವರೊಬ್ಬರಿಗೇ. ಕೊನೆಗೆ ಒಬ್ಬ ಫಿಸಿಯೋಥೆರಪಿ ಮೇಡಂ ‘ಎಲ್ಲಿ ನೋವು, ಕೈಯಲ್ಲಿ ತೋರಿಸಮ್ಮ’ ಎಂದು ಕೇಳಿದರು. ಆಪಾ ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಎಡಗಡೆಯ ಕೀಲನ್ನು ಅಂಗೈಯಿಂದ ಹಿಡಿದು ತೋರಿಸಿದಳು. ಕೈ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದಲ್ಲಿತ್ತು. ಸೊಂಟದ ಕೀಲಿನ ಒಳಗೆ ನೋವಿರುವವರು ಸಾಮಾನ್ಯವಾಗಿ ಹೀಗೇ ಹಿಡಿಯುತ್ತಾರಂತೆ, ವೈದ್ಯರು ಇದನ್ನು ‘ಸಿ ಚಿಹ್ನೆ’ ಎಂದೇ ಕರೆಯುತ್ತಾರೆ. ಆಗ ಸರಿಯಾದ ಜಾಗಕ್ಕೆ ಎಕ್ಸ್‌ರೇ ಆಯಿತು. ಕಾಯಿಲೆಯ ಹೆಸರು ಹಿಪ್ ಡಿಸ್‌ಪ್ಲೇಸಿಯಾ.

ಸೊಂಟದ ಕೀಲು ಎಂದರೆ ಒಂದು ಗುಂಡು, ಒಂದು ಬಟ್ಟಲು. ತೊಡೆಮೂಳೆಯ ಮೇಲ್ತುದಿ ಚೆಂಡಿನಂತೆ ಗುಂಡಗಿದೆ. ಅದು ಕಟಿಮೂಳೆಯಲ್ಲಿರುವ ಬಟ್ಟಲಿನೊಳಗೆ ಕೂರುತ್ತದೆ. ಎರಡರ ಮೇಲೂ ನುಣುಪಾದ ಮೃದ್ವಸ್ಥಿಯ ಹೊದಿಕೆ. ಬಟ್ಟಲಿನ ಅಂಚಿಗೆ ಲೇಬ್ರಮ್ ಎಂಬ ಒಂದು ಉಂಗುರ, ಪ್ರೆಷರ್ ಕುಕ್ಕರ್‌ನ ಗ್ಯಾಸ್ಕೆಟ್ ಇದ್ದ ಹಾಗೆ. ಒಳಗಿನ ದ್ರವ ಹೊರಗೆ ಹೋಗದಂತೆ ಅದು ಹಿಡಿಯುತ್ತದೆ, ಗುಂಡನ್ನು ಒಳಕ್ಕೆ ಎಳೆದುಕೊಳ್ಳಲೂ ನೆರವಾಗುತ್ತದೆ. ಇದರ ಸುತ್ತ ಕೀಲಿನ ಚೀಲ, ರಜ್ಜುಗಳು, ಅವುಗಳ ಹೊರಗೆ ಸ್ನಾಯುಗಳು. ಡಿಸ್‌ಪ್ಲೇಸಿಯಾದಲ್ಲಿ ಈ ಬಟ್ಟಲು ಸಾಕಷ್ಟು ಆಳವಾಗಿರುವುದಿಲ್ಲ, ಅದರ ಚಾವಣಿ ಓರೆಯಾಗಿರುತ್ತದೆ. ಗುಂಡಿನ ಒಂದು ಭಾಗ ಹೊರಗೇ ಉಳಿಯುತ್ತದೆ.

ಎಷ್ಟು ಹೊರಗೆ ಎಂಬುದಕ್ಕೆ ಒಂದು ಅಳತೆ ಇದೆ. ಸ್ವೀಡನ್ನಿನ ವೈಬರ್ಗ್ ಎಂಬ ವೈದ್ಯರು 1939ರಲ್ಲಿ ಇದನ್ನು ಕೊಟ್ಟರು. ಎಕ್ಸ್‌ರೇಯಲ್ಲಿ ಗುಂಡಿನ ಮಧ್ಯಬಿಂದುವಿನಿಂದ ನೇರ ಮೇಲಕ್ಕೆ ಒಂದು ಗೆರೆ, ಅದೇ ಬಿಂದುವಿನಿಂದ ಬಟ್ಟಲಿನ ಹೊರ ಅಂಚಿಗೆ ಇನ್ನೊಂದು ಗೆರೆ. ಎರಡರ ನಡುವಿನ ಕೋನ 25 ಡಿಗ್ರಿಗಿಂತ ಹೆಚ್ಚಿದ್ದರೆ ಸರಿ. 20ಕ್ಕಿಂತ ಕಡಿಮೆಯಿದ್ದರೆ ಡಿಸ್‌ಪ್ಲೇಸಿಯಾ. ಆಪಾಳ ಎಡಗಡೆಯ ಕೋನ 14.

ಕಡಿಮೆ ಕೋನದಿಂದ ನೋವು ಯಾಕೆ ಬರಬೇಕು? ಇದು ನಮ್ಮ ವಿಭಾಗದವರಿಗೆ ಸುಲಭವಾಗಿ ಅರ್ಥವಾಗುವ ಲೆಕ್ಕ. ನಡೆಯುವಾಗ ಒಂದು ಕಾಲಿನ ಮೇಲೆ ನಿಲ್ಲುವ ಕ್ಷಣದಲ್ಲಿ ಆ ಕೀಲಿನ ಮೇಲೆ ಬೀಳುವ ಭಾರ ದೇಹದ ತೂಕದ ಎರಡೂವರೆ ಪಟ್ಟು ಅಥವಾ ಇನ್ನೂ ಹೆಚ್ಚು. ದೇಹದ ತೂಕದ ಜೊತೆ, ದೇಹ ವಾಲದಂತೆ ಹಿಡಿಯುವ ಸ್ನಾಯುಗಳ ಎಳೆತವೂ ಅಲ್ಲಿಗೇ ಬಂದು ಸೇರುತ್ತದೆ. 50 ಕಿಲೋ ತೂಕದವಳಿಗೆ ಸುಮಾರು 125 ಕಿಲೋ. ಈ ಭಾರವನ್ನು ಹೊರುವ ಜಾಗ ಅಗಲವಾಗಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಪಾಲು ಕಡಿಮೆ. ಒಟ್ಟು ವೆಚ್ಚ ಅಷ್ಟೇ ಇದ್ದು ಘಟಕಗಳು ಅರ್ಧವಾದರೆ ಪ್ರತಿ ಘಟಕದ ವೆಚ್ಚ ಎರಡರಷ್ಟಾಗುವುದಿಲ್ಲವೇ, ಅದೇ ರೀತಿ. ಓರೆಯಾದ ಬಟ್ಟಲಿನಲ್ಲಿ ಇಡೀ ಭಾರ ಅಂಚಿನ ಕಿರಿದಾದ ಜಾಗದ ಮೇಲೆ ಬೀಳುತ್ತದೆ.

ಲೆಕ್ಕಶಾಸ್ತ್ರದಲ್ಲಿ ನಾವು ‘ಸವಕಳಿ’ ಓದುತ್ತೇವೆ. ಯಂತ್ರ ಸವೆದರೆ ಅದಕ್ಕೆ ನಿಧಿ ಎತ್ತಿಟ್ಟು ಹೊಸದು ಕೊಳ್ಳಬಹುದು. ಮೃದ್ವಸ್ಥಿಗೆ ಆ ಸೌಲಭ್ಯ ಇಲ್ಲ. ಅದರೊಳಗೆ ರಕ್ತನಾಳಗಳಿಲ್ಲ, ಸವೆದದ್ದು ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಹಾಗೆಯೇ ಬಿಟ್ಟರೆ ಅರವತ್ತರಲ್ಲಿ ಬರಬೇಕಾದ ಕೀಲುಸವೆತ ಮೂವತ್ತು ನಲವತ್ತರಲ್ಲೇ ಬರಬಹುದು.

ಇನ್ನೊಂದು ವಿಷಯ ಸ್ಥಿರತೆ. ನನಗೆ ಅರ್ಥವಾಗಲು ಹೆಚ್ಚು ದಿನ ಹಿಡಿದದ್ದು ಇದೇ. ಆಪಾಳ ಕೀಲು ಎಂದೂ ಜಾರಿ ಹೊರಬಂದಿರಲಿಲ್ಲ. ಹಾಗಿದ್ದರೂ ಡಾಕ್ಟರ್ ಅದನ್ನು ‘ಅಸ್ಥಿರ ಕೀಲು’ ಎಂದೇ ಬರೆದಿದ್ದರು. ಸಮತಟ್ಟಾದ ರಸ್ತೆಯಲ್ಲಿ ತಳ್ಳುಗಾಡಿ ನಿಲ್ಲಿಸಿದರೆ ಅದು ತಾನಾಗಿ ನಿಲ್ಲುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಯಾರಾದರೂ ಹಿಡಿದುಕೊಂಡೇ ಇರಬೇಕು. ಗಾಡಿ ಉರುಳಿಲ್ಲ, ನಿಜ. ಆದರೆ ಹಿಡಿದವನು ಬೆಳಿಗ್ಗೆಯಿಂದ ಹಿಡಿದೇ ಇದ್ದಾನೆ. ಓರೆ ಬಟ್ಟಲಿನಲ್ಲಿ ಗುಂಡು ಪ್ರತಿ ಹೆಜ್ಜೆಗೂ ಸ್ವಲ್ಪ ಮುಂದಕ್ಕೆ, ಸ್ವಲ್ಪ ಹೊರಕ್ಕೆ ಸರಿಯಲು ನೋಡುತ್ತದೆ. ಅದನ್ನು ತಡೆಯುವುದು ಲೇಬ್ರಮ್ ಮತ್ತು ಸ್ನಾಯುಗಳು. ಮೂಳೆ ಮಾಡಬೇಕಾದ ಕೆಲಸವನ್ನು ಅವು ಮಾಡುತ್ತವೆ. ಲೇಬ್ರಮ್ ಮೊದಲು ದಪ್ಪವಾಗುತ್ತದೆ, ಆಮೇಲೆ ಹರಿಯುತ್ತದೆ. ಪೃಷ್ಠದ ಬದಿಯ ಸ್ನಾಯು ಸಂಜೆಯ ಹೊತ್ತಿಗೆ ಸೋಲುತ್ತದೆ. ಆಪಾಳ ಸಂಜೆಯ ಕುಂಟು ಎಂದರೆ ಅದು.

ಈ ಕಾಯಿಲೆ ಹುಟ್ಟಿನಿಂದಲೇ ಅಥವಾ ಎಳೆತನದಲ್ಲೇ ಶುರುವಾಗುವುದು. ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು, ಎಡಗಡೆ ಹೆಚ್ಚು, ಮೊದಲ ಮಗುವಿನಲ್ಲಿ ಹೆಚ್ಚು, ಗರ್ಭದಲ್ಲಿ ತಲೆ ಮೇಲಾಗಿ ಕೂತ ಮಗುವಿನಲ್ಲಿ ಹೆಚ್ಚು. ಆಪಾ ಮೊದಲ ಮಗು, ಹುಡುಗಿ, ತಲೆ ಮೇಲಾಗಿದ್ದಳು. ಇವೆಲ್ಲ ಇದ್ದೂ ಹುಟ್ಟಿದಾಗ ಯಾರೂ ಸೊಂಟ ನೋಡಿರಲಿಲ್ಲ. ನೋಡುವುದು ಕಷ್ಟವೂ ಅಲ್ಲ. ಇಟಲಿಯ ಮಕ್ಕಳ ವೈದ್ಯ ಒರ್ಟೊಲಾನಿ 1937ರಲ್ಲೇ ಕೂಸಿನ ತೊಡೆಗಳನ್ನು ಮಡಚಿ ಅಗಲಿಸಿ, ಜಾರಿದ ಗುಂಡು ಬಟ್ಟಲಿಗೆ ಮರಳುವುದನ್ನು ಕೈಯಿಂದ ತಿಳಿಯುವ ಪರೀಕ್ಷೆ ಹೇಳಿದ್ದರು. 1980ರಲ್ಲಿ ಆಸ್ಟ್ರಿಯಾದ ಗ್ರಾಫ್ ಅಲ್ಟ್ರಾಸೌಂಡ್ ವಿಧಾನ ಕೊಟ್ಟರು. ಆರು ತಿಂಗಳ ಒಳಗೆ ಗೊತ್ತಾದರೆ ಕತ್ತರಿ ಮುಟ್ಟಬೇಕಾಗಿಲ್ಲ. ಪಾವ್ಲಿಕ್ ಎಂಬ ಚೆಕ್ ವೈದ್ಯರ ಹೆಸರಿನ ಬಟ್ಟೆಪಟ್ಟಿಯ ಸಾಧನವೊಂದಿದೆ. ಅದು ಕೂಸಿನ ಕಾಲುಗಳನ್ನು ಕಪ್ಪೆಯ ಹಾಗೆ ಮಡಚಿ ಅಗಲವಾಗಿ ಇಡುತ್ತದೆ. ಗುಂಡು ಬಟ್ಟಲಿನ ಮಧ್ಯದಲ್ಲಿ ಕೂತರೆ ಬೆಳೆಯುವ ಬಟ್ಟಲು ಅದರ ಸುತ್ತ ತಾನೇ ಆಳವಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಕೆಲವು ವಾರಗಳಲ್ಲಿ ಮುಗಿಯುವ ಕೆಲಸ.

ಇಲ್ಲಿ ನಾನಿಯ ಬಗ್ಗೆ ಒಂದು ಮಾತು. ಕೂಸುಗಳನ್ನು ಕಾಲು ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತಿದರೆ ಕಾಲು ಸೊಟ್ಟ ಆಗುವುದಿಲ್ಲ ಎಂದು ಅವರು ನಂಬಿದ್ದರು. ನಿಜ ಅದರ ಉಲ್ಟಾ. ಜಪಾನಿನಲ್ಲಿ ಹೀಗೆ ಕಾಲು ನೇರ ಮಾಡಿ ಸುತ್ತುವ ಪದ್ಧತಿ ಬಿಡಬೇಕೆಂದು 1970ರ ದಶಕದಲ್ಲಿ ತಾಯಂದಿರಿಗೆ ತಿಳಿವಳಿಕೆ ಕೊಟ್ಟ ಮೇಲೆ ಮಕ್ಕಳ ಸೊಂಟ ಜಾರುವುದು ತುಂಬಾ ಕಡಿಮೆಯಾಯಿತು. ಆದರೆ ನಮ್ಮಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿ, ಅದರ ಎರಡು ಕಾಲು ನಮ್ಮ ಮೈಯ ಆಚೆ ಈಚೆ ಬರುವಂತೆ ಎತ್ತಿಕೊಳ್ಳುತ್ತಾರಲ್ಲ, ಅದು ಪಾವ್ಲಿಕ್ ಸಾಧನದ ಭಂಗಿಯೇ. ಇದನ್ನು ಹೇಳಿದ ಮೇಲೆ ನಾನಿಗೆ ಸ್ವಲ್ಪ ಸಮಾಧಾನವಾಯಿತು.

ಮಗು ನಡೆಯಲು ಶುರು ಮಾಡಿದ ಮೇಲೆ ಗೊತ್ತಾದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೆನಡಾದ ಟೊರಾಂಟೊದಲ್ಲಿ ರಾಬರ್ಟ್ ಸಾಲ್ಟರ್ ಒಂದು ವಿಷಯ ಗಮನಿಸಿದರು. ಜಾರಿದ ಗುಂಡನ್ನು ಬಟ್ಟಲಿಗೆ ಕೂರಿಸಿದರೂ ಮಗು ಕಾಲು ನೇರ ಮಾಡಿದ ತಕ್ಷಣ ಮತ್ತೆ ಜಾರುತ್ತಿತ್ತು, ಏಕೆಂದರೆ ಬಟ್ಟಲೇ ಮುಂದಕ್ಕೂ ಹೊರಕ್ಕೂ ಮುಖ ಮಾಡಿತ್ತು. 1957ರಲ್ಲಿ ಅವರು ಬಟ್ಟಲಿನ ಮೇಲ್ಗಡೆ ಕಟಿಮೂಳೆಯನ್ನು ಅಡ್ಡ ಕತ್ತರಿಸಿ, ಕೆಳಭಾಗವನ್ನು ಬಟ್ಟಲಿನ ಸಮೇತ ತಿರುಗಿಸಿ, ಸಂದಿನಲ್ಲಿ ಅದೇ ಮಗುವಿನ ಮೂಳೆಯ ಒಂದು ಬೆಣೆ ಇಟ್ಟು ತಂತಿಯಿಂದ ಭದ್ರ ಮಾಡಿದರು. ಕಾಲು ನೇರವಿರುವಾಗಲೂ ಗುಂಡು ಒಳಗೇ ಉಳಿಯಿತು. ಆದರೆ ಇದು ನಡೆಯುವುದು ಮಕ್ಕಳಲ್ಲಿ. ಒಂದೇ ಕಡೆ ಕತ್ತರಿಸಿ ತಿರುಗಿಸಲು ಮುಂದಿನ ಮೂಳೆಸಂದು ಬಾಗಿಲಿನ ತಿರುಗಣಿಯಂತೆ ಬಾಗಬೇಕು. ದೊಡ್ಡವರಲ್ಲಿ ಅದು ಅಷ್ಟು ಬಾಗುವುದಿಲ್ಲ.

ಆಪಾಳಿಗೆ ಆಗ 22. ಅವಳಿಗೆ ಹೇಳಿದ ಶಸ್ತ್ರಚಿಕಿತ್ಸೆಯನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೈನ್‌ಹೋಲ್ಡ್ ಗಾಂಜ್ 1984ರಲ್ಲಿ ಮೊದಲು ಮಾಡಿದರು, 1988ರಲ್ಲಿ ಪ್ರಕಟಿಸಿದರು. ಪೆರಿಅಸಿಟಾಬ್ಯುಲರ್ ಆಸ್ಟಿಯಾಟಮಿ ಎಂಬ ದೊಡ್ಡ ಹೆಸರು, ಚಿಕ್ಕದಾಗಿ ಪಿಎಒ. ಬಟ್ಟಲಿನ ಸುತ್ತ ಮೂಳೆ ಕತ್ತರಿಸುವುದು ಎಂದು ಅರ್ಥ.

ನಮ್ಮ ಅಬ್ಬಾ ಸೆಂಟ್ರಿಂಗ್ ಮೇಸ್ತ್ರಿ. ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಅವರು ಒಂದೇ ನೋಟಕ್ಕೆ ‘ಸಜ್ಜಾ ಚಿಕ್ಕದಿದೆ ಸರ್’ ಎಂದರು. ಡಾಕ್ಟರ್‌ಗೆ ಆ ಮಾತು ಬಹಳ ಇಷ್ಟವಾಯಿತು.

‘ಹಾಗಾದ್ರೆ ಸಜ್ಜಾ ಉದ್ದ ಮಾಡ್ತೀರಾ?’ ಅಬ್ಬಾ ಕೇಳಿದರು.

‘ಇಲ್ಲ ಸಾಹೇಬ್ರೇ, ಇರೋ ಚಾವಣಿಯನ್ನೇ ತಿರುಗಿಸ್ತೀವಿ.’

ಅಂಚಿಗೆ ಹೊಸ ಮೂಳೆ ಸೇರಿಸಿ ಸಜ್ಜಾ ಉದ್ದ ಮಾಡುವ ಶಸ್ತ್ರಚಿಕಿತ್ಸೆಯೂ ಇದೆ. ಆದರೆ ಹೊಸ ಮೂಳೆಯ ಒಳಮೈಗೆ ಮೃದ್ವಸ್ಥಿಯ ನುಣುಪು ಇರುವುದಿಲ್ಲ. ಹುಟ್ಟಿನಿಂದ ಬಂದ ಬಟ್ಟಲಿನಲ್ಲಿ ಅದು ಇದೆ, ಮುಖ ಮಾತ್ರ ತಪ್ಪು ದಿಕ್ಕಿಗಿದೆ. ಆದ್ದರಿಂದ ಬಟ್ಟಲನ್ನು ಅದರ ಸುತ್ತಲಿನ ಮೂಳೆಯ ಸಮೇತ ಬಿಡಿಸಿಕೊಳ್ಳುತ್ತಾರೆ. ಮುಂದಿನಿಂದ ಚರ್ಮ ತೆರೆದು, ಕೆಳಗಿನ ಮೂಳೆಯನ್ನು ಅರ್ಧಕ್ಕೆ, ಮುಂದಿನದನ್ನು ಪೂರ್ತಿಯಾಗಿ ಕತ್ತರಿಸುತ್ತಾರೆ. ಮೇಲಿನಿಂದ ಇನ್ನೊಂದು ಕತ್ತರಿಕೆ ಬಂದು ಬಟ್ಟಲಿನ ಹಿಂದಿನಿಂದ ಕೆಳಗಿಳಿದು ಮೊದಲಿನದಕ್ಕೆ ಸೇರುತ್ತದೆ. ಕೆಲವು ಕಡೆ ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇ ಪರದೆ ನೋಡಿಕೊಂಡು ಉದ್ದನೆಯ ಉಳಿಯಿಂದ ಕತ್ತರಿಸಬೇಕು. ಕಾಲಿನ ದೊಡ್ಡ ನರ ಪಕ್ಕದಲ್ಲೇ ಇರುತ್ತದೆ.

‘ಪಿಲ್ಲರ್?’ ಎಂದರು ಅಬ್ಬಾ.

ಅದೇ ಇದರ ಗುಟ್ಟು. ಕಟಿಮೂಳೆಯ ಹಿಂಭಾಗದಲ್ಲಿ ದಪ್ಪನೆಯ ಕಂಬದಂಥ ಮೂಳೆಯಿದೆ, ವೈದ್ಯರೂ ಅದನ್ನು ಹಿಂದಿನ ಕಂಬ ಎಂದೇ ಕರೆಯುತ್ತಾರೆ. ಗಾಂಜ್ ವಿಧಾನದಲ್ಲಿ ಆ ಕಂಬವನ್ನು ಕಡಿಯುವುದಿಲ್ಲ. ಸೊಂಟದ ಉಂಗುರ ಒಡೆಯುವುದಿಲ್ಲ. ಬಿಡಿಸಿದ ಬಟ್ಟಲನ್ನು ಮುಂದಕ್ಕೂ ಹೊರಕ್ಕೂ ಬೇಕಾದಷ್ಟು ತಿರುಗಿಸಿ ಮೂರು ನಾಲ್ಕು ಉದ್ದ ಸ್ಕ್ರೂ ಹಾಕಿದರೆ ಕೆಲವೇ ದಿನಗಳಲ್ಲಿ ಊರುಗೋಲು ಹಿಡಿದು ಎದ್ದು ನಿಲ್ಲಬಹುದು. ತಿರುಗಿಸಿದ ತುಂಡಿಗೆ ರಕ್ತ ಕೊಡುವ ನಾಳಗಳೂ ಉಳಿಯುತ್ತವೆ. ಮಗು ಹೊರಬರುವ ದಾರಿಯ ಆಕಾರ ಬದಲಾಗುವುದಿಲ್ಲ, ಮುಂದೆ ಸಹಜ ಹೆರಿಗೆ ಸಾಧ್ಯ. ಈ ಕೊನೆಯ ಮಾತನ್ನು ಅಮ್ಮಿ ಡಾಕ್ಟರ್ ಬಾಯಿಂದ ಎರಡು ಸಲ ಹೇಳಿಸಿಕೊಂಡರು. ಅಷ್ಟರಲ್ಲಿ ಆಪಾಳನ್ನು ನೋಡಲು ಬಂದ ಒಂದು ಮನೆಯವರು ‘ಹುಡುಗಿ ಕುಂಟುತ್ತಾಳೆ’ ಎಂದು ಹೋಗಿಯಾಗಿತ್ತು.

ಚಾವಣಿ ಸಮತಟ್ಟಾದರೆ ಇಳಿಜಾರಿನ ತಳ್ಳುಗಾಡಿ ಸಮ ರಸ್ತೆಗೆ ಬಂದ ಹಾಗೆ. ಗುಂಡನ್ನು ಹೊರಕ್ಕೆ ತಳ್ಳುತ್ತಿದ್ದ ಭಾರವೇ ಈಗ ಅದನ್ನು ಬಟ್ಟಲಿನೊಳಕ್ಕೆ ಒತ್ತುತ್ತದೆ. ಭಾರ ಹೊರುವ ಜಾಗ ಅಗಲವಾಗುತ್ತದೆ. ಲೇಬ್ರಮ್‌ಗೂ ಸ್ನಾಯುಗಳಿಗೂ ಅವರವರ ಕೆಲಸ ಮಾತ್ರ ಉಳಿಯುತ್ತದೆ. ಹಾಗೆಂದು ಸಜ್ಜಾ ಉದ್ದವಾದಷ್ಟೂ ಒಳ್ಳೆಯದು ಎಂದಲ್ಲ. ಹೆಚ್ಚು ತಿರುಗಿಸಿದರೆ ಕಾಲು ಮಡಚುವಾಗ ತೊಡೆಮೂಳೆಯ ಕತ್ತು ಬಟ್ಟಲಿನ ಮುಂದಿನ ಅಂಚಿಗೆ ಬಡಿಯುತ್ತದೆ, ಅಸ್ಥಿರತೆ ಹೋಗಿ ಬಡಿತ ಬರುತ್ತದೆ, ಅದೂ ಮೃದ್ವಸ್ಥಿಯನ್ನು ಹಾಳು ಮಾಡುತ್ತದೆ. ಅದಕ್ಕೇ ಸ್ಕ್ರೂ ಬಿಗಿ ಮಾಡಿದ ಮೇಲೆ ಮೇಜಿನ ಮೇಲೇ ಕಾಲು ಮಡಚಿ ನೋಡುತ್ತಾರೆ.

ನಿರ್ಧಾರ ಸುಲಭವಾಗಿರಲಿಲ್ಲ. ಸಂಬಂಧಿಕರೊಬ್ಬರು ‘ಈಗ ನೋವಿನ ಮಾತ್ರೆ ತಿನ್ನಲಿ, ಸವೆದ ಮೇಲೆ ಕೃತಕ ಕೀಲು ಹಾಕಿಸಿ, ಒಂದೇ ಖರ್ಚು’ ಎಂದರು. ಕೃತಕ ಕೀಲು ಒಳ್ಳೆಯದೇ, 60 ವರ್ಷದವರಿಗೆ. 30ರಲ್ಲಿ ಹಾಕಿದರೆ ಜೀವಮಾನದಲ್ಲಿ ಮತ್ತೆ ಬದಲಿಸಬೇಕಾಗಬಹುದು, ಎರಡನೆಯದು ಮೊದಲಿನದಕ್ಕಿಂತ ಕಷ್ಟ. ಇನ್ನೊಂದು ಕಡೆ, ಬರ್ನ್‌ನವರು ತಮ್ಮ ಮೊದಲ 75 ಕೀಲುಗಳ ಲೆಕ್ಕ ಇಟ್ಟಿದ್ದಾರೆ. 20 ವರ್ಷದ ನಂತರ ನೂರಕ್ಕೆ ಸುಮಾರು 60 ಕೀಲುಗಳು ಉಳಿದಿದ್ದವು, 30 ವರ್ಷಕ್ಕೆ ಸುಮಾರು 29. ಇದನ್ನು ಕೇಳಿ ಅಬ್ಬಾ ಮಂಕಾದರು. ‘ನಾನು ಹಾಕಿದ ಸ್ಲ್ಯಾಬ್ ಮೂವತ್ತು ವರ್ಷಕ್ಕೆ ನೂರರಲ್ಲಿ ಎಪ್ಪತ್ತು ಬಿದ್ದರೆ ನನ್ನನ್ನು ಯಾರು ಕೆಲಸಕ್ಕೆ ಕರೀತಾರೆ?’ ಎಂದರು. ನಾನು ಆ ಅಂಕಿಗಳನ್ನು ಹಿಡಿದು ರಾತ್ರಿ ಕೂತೆ. ಮೊದಲನೆಯದಾಗಿ, ಅವು ಆ ವಿಧಾನವನ್ನು ಕಂಡುಹಿಡಿದ ದಿನಗಳ ಕೀಲುಗಳು. ಎರಡನೆಯದಾಗಿ, ಅದರಲ್ಲಿ ಆಗಲೇ ಸವೆದ ಕೀಲುಗಳೂ ಇದ್ದವು. ವಯಸ್ಸು 30 ದಾಟಿದವರಲ್ಲಿ, ಸವೆತ ಶುರುವಾದವರಲ್ಲಿ ಸೋಲು ಹೆಚ್ಚಿತ್ತು. ಆಪಾಳ ಎಂಆರ್‌ಐಯಲ್ಲಿ ಲೇಬ್ರಮ್ ಹರಿದಿತ್ತು, ಆದರೆ ಮೃದ್ವಸ್ಥಿ ಚೆನ್ನಾಗಿತ್ತು. ಅಂದರೆ ಕಾಯುವ ಒಂದೊಂದು ವರ್ಷವೂ ಅವಳನ್ನು ಒಳ್ಳೆಯ ಗುಂಪಿನಿಂದ ಕೆಟ್ಟ ಗುಂಪಿಗೆ ಸರಿಸುತ್ತಿತ್ತು. ಇದನ್ನು ನಾನು ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಕೊನೆಗೆ ಆಪಾ ತಾನೇ ‘ಮಾಡಿಸೋಣ’ ಎಂದಳು. ಖರ್ಚು ಎಷ್ಟಾಯಿತೆಂದು ಇಲ್ಲಿ ಬರೆಯುವುದಿಲ್ಲ, ಅಮ್ಮಿ ಬೇಡ ಎಂದಿದ್ದಾರೆ. ಅವರ ಕೈಯಲ್ಲಿ ಈಗ ಗಾಜಿನ ಬಳೆಗಳಿವೆ.

ಶಸ್ತ್ರಚಿಕಿತ್ಸೆ ನಾಲ್ಕು ಗಂಟೆ ಹಿಡಿಯಿತು. ಎರಡು ಬಾಟಲಿ ರಕ್ತ ಕೊಟ್ಟರು. ಮೊದಲ ಎರಡು ರಾತ್ರಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮೂರನೇ ದಿನ ಫಿಸಿಯೋಥೆರಪಿಸ್ಟ್ ಬಂದು ನಿಲ್ಲಿಸಿದರು. ಎಂಟು ವಾರ ಎಡಗಾಲಿನ ತುದಿ ಮಾತ್ರ ನೆಲಕ್ಕೆ ತಾಗಬೇಕು, ಭಾರ ಊರುಗೋಲಿನ ಮೇಲೆ. ಕತ್ತರಿಸಿದ ಮೂಳೆ ಕೂಡುವುದಕ್ಕೆ ಸುಮಾರು ಮೂರು ತಿಂಗಳು ಬೇಕು. ಆಪಾ ಬೇಸರಪಟ್ಟಾಗಲೆಲ್ಲ ಅಬ್ಬಾ ‘ಸ್ಲ್ಯಾಬಿಗೇ ಇಪ್ಪತ್ತೊಂದು ದಿನ ಕ್ಯೂರಿಂಗ್ ಬೇಕು, ನಿನ್ನದು ಮೂಳೆ’ ಎನ್ನುತ್ತಿದ್ದರು. ನಮ್ಮ ಮನೆಯ ಶೌಚಾಲಯಕ್ಕೆ ಅವರೇ ಕಮೋಡ್ ಕೂರಿಸಿದರು.

ಈಗ ಏಳು ತಿಂಗಳಾಯಿತು. ಎಡಗಡೆಯ ಕೋನ 31. ಒಂದು ಕಾಲಿನ ಮೇಲೆ ನಿಂತಾಗ ಆಚೆ ಬದಿಯ ಸೊಂಟ ಕೆಳಗಿಳಿಯುತ್ತದೆಯೇ ಎಂದು ನೋಡುವ ಪರೀಕ್ಷೆಯೊಂದಿದೆ, ಟ್ರೆಂಡೆಲೆನ್‌ಬರ್ಗ್ ಪರೀಕ್ಷೆ. ಮೊದಲು ಆಪಾ ಎಡಗಾಲಿನ ಮೇಲೆ ನಿಂತರೆ ಬಲ ಸೊಂಟ ಎದ್ದು ಕಾಣುವಂತೆ ಇಳಿಯುತ್ತಿತ್ತು. ಹೋದ ತಿಂಗಳು ಅಡುಗೆಮನೆಯಲ್ಲಿ ನಿಲ್ಲಿಸಿ ನೋಡಿದೆವು. ಅಬ್ಬಾ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ‘ಲೆವೆಲ್ ಇದೆ’ ಎಂದರು. ಸಂಜೆಯ ಕುಂಟು ಹೋಗಿದೆ. ನೆಲದ ಮೇಲೆ ಕೂತು ಗೋಡೆ ಹಿಡಿಯದೆ ಏಳುತ್ತಾಳೆ. ನಮಾಜ್ ಮಾತ್ರ ಇನ್ನೂ ಕುರ್ಚಿಯಲ್ಲಿ, ಡಾಕ್ಟರ್ ಅವಸರ ಬೇಡ ಎಂದಿದ್ದಾರೆ. ತೊಡೆಯ ಮುಂಭಾಗದಲ್ಲಿ ಅಂಗೈಯಗಲ ಜಾಗ ಮರಗಟ್ಟಿದ ಹಾಗೇ ಇದೆ. ಚರ್ಮದ ಒಂದು ನರ ಗಾಯದ ದಾರಿಯಲ್ಲೇ ಹೋಗುವುದರಿಂದ ಈ ಶಸ್ತ್ರಚಿಕಿತ್ಸೆಯಲ್ಲಿ ಇದು ಸಾಮಾನ್ಯ. ಅದು ಹೋಗಬಹುದು, ಹೋಗದೆಯೂ ಇರಬಹುದು.

ಡಿಸ್‌ಪ್ಲೇಸಿಯಾ ಎಷ್ಟೋ ಸಲ ಎರಡೂ ಕಡೆ ಇರುತ್ತದೆ. ಆಪಾಳ ಬಲಗಡೆಯ ಕೋನ 23, ಅತ್ತಲೂ ಅಲ್ಲ ಇತ್ತಲೂ ಅಲ್ಲ. ಅಲ್ಲಿ ನೋವಿಲ್ಲ, ಸದ್ಯಕ್ಕೆ ವರ್ಷಕ್ಕೊಂದು ಎಕ್ಸ್‌ರೇ ಸಾಕು ಎಂದಿದ್ದಾರೆ. ಒಡಹುಟ್ಟಿದವರಲ್ಲೂ ಇರುವ ಸಾಧ್ಯತೆ ಇರುವುದರಿಂದ ನನ್ನದನ್ನೂ ತೆಗೆಸಿದರು. ನನಗೆ 29 ಮತ್ತು 30. ಆಪಾಳ ಮುಂದಿನ ಎಕ್ಸ್‌ರೇ ಜೂನ್‌ನಲ್ಲಿ, ನಮ್ಮ ಫಲಿತಾಂಶ ಬಂದ ಮೇಲೆ.